ಗುಡ್ಡಕ್ಕೆ ಟಿಕೆಟ್ ಬಂತು, ಪಂಚಾಯಿತಿಗೆ ನಕ್ಷೆ ಬರಲಿಲ್ಲ

2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಶನಿವಾರ ಭಾನುವಾರ ಕೂಡಿಬಂದಾಗ, ಕುಮಾರ ಪರ್ವತದ ಏರುದಾರಿಯಲ್ಲಿ ಜಾತ್ರೆಯೇ ನೆರೆಯಿತು. ಕಾಲಿಡಲು ಜಾಗವಿಲ್ಲದ ಸಾಲಿನ ವಿಡಿಯೊ ಊರೂರು ಸುತ್ತಿತು. ಆನ್‌ಲೈನ್ ಟಿಕೆಟ್ ಇಲ್ಲದ ಚಾರಣ ಪಥಗಳನ್ನೆಲ್ಲ ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ಶುರುವಾಯಿತು. ಈ ಎರಡು ಆದೇಶಗಳ ನಡುವೆ, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು ಚಹಾದಂಗಡಿ, ಅದರಲ್ಲಿದ್ದ ಜನ, ರಸ್ತೆಯಲ್ಲಿದ್ದ ವಾಹನಗಳನ್ನು ಗಂಗಾವಳಿ ನದಿಗೆ ತಳ್ಳಿತು.

ಕುಮಾರ ಪರ್ವತದ ನೂಕುನುಗ್ಗಲನ್ನು ಅರಣ್ಯ ಇಲಾಖೆ ನೋಡಿಕೊಂಡಿತು. ಶಿರೂರನ್ನು ಜಿಲ್ಲಾಡಳಿತ, ಸೇನೆ, ಹೆದ್ದಾರಿಯವರು ನೋಡಿಕೊಂಡರು. ಎರಡರಲ್ಲೂ ಆ ನೆಲದ ಪಂಚಾಯಿತಿಗೆ ಉಳಿದ ಕೆಲಸ, ಬಂದವರಿಗೆ ದಾರಿ ತೋರಿಸಿ ಹೋದಮೇಲೆ ಕಸ ಗುಡಿಸುವುದು. ಮಲೆನಾಡಿನ ಗುಡ್ಡ, ನೀರು, ಕಾಲುದಾರಿಗಳ ವಿಚಾರದಲ್ಲಿ ನಮ್ಮಲ್ಲಿ ನಡೆಯುತ್ತಿರುವುದು ಯೋಜನೆಯಲ್ಲ, ಆದೇಶ. ಆದೇಶ ಹೊರಡಿಸುವವರು ವರ್ಗವಾಗಿ ಹೋಗುತ್ತಾರೆ. ಗುಡ್ಡದ ಬುಡದಲ್ಲಿ ಇರುವವರು ಇರುತ್ತಾರೆ.

ದಿನಕ್ಕೆ 300 ಎಂಬ ಮಿತಿಯನ್ನೇ ನೋಡಿ. ಕುಮಾರ ಪರ್ವತಕ್ಕೂ ಅಷ್ಟೇ, ಬೇರೆ ಮಣ್ಣು, ಬೇರೆ ಇಳಿಜಾರು, ಬೇರೆ ನೀರಿನ ಪಥಗಳಿಗೂ ಅಷ್ಟೇ. ಕುಮಾರ ಪರ್ವತಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವ ದಾರಿ ದಕ್ಷಿಣ ಕನ್ನಡದಲ್ಲಿ ಶುರುವಾಗುತ್ತದೆ, ಬೀದಳ್ಳಿಯ ದಾರಿ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನದು. ತುದಿಯ ಹುಲ್ಲುಗಾವಲು ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಹುಲ್ಲುಗಾವಲಲ್ಲಿ ಸಾವಿರಾರು ಬೂಟುಗಳು ಒಂದೇ ಗೆರೆಯಲ್ಲಿ ತುಳಿದರೆ ಹುಲ್ಲು ಸತ್ತು ಮಣ್ಣು ತೆರೆದುಕೊಳ್ಳುತ್ತದೆ. ಮುಂಗಾರಿಗೆ ಆ ಗೆರೆಯೇ ಕಾಲುವೆಯಾಗುತ್ತದೆ. ದಾರಿಗೆ ಅಡ್ಡಲಾಗಿ ಕಲ್ಲು ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸದಿದ್ದರೆ ಅದು ವರ್ಷ ವರ್ಷ ಆಳವಾಗುತ್ತ ಹೋಗುತ್ತದೆ, ಚಾರಣಿಗರು ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ಗೆರೆ ತುಳಿಯುತ್ತಾರೆ. ಟಿಕೆಟಿನ ಸಂಖ್ಯೆ ಇದನ್ನು ಸರಿಪಡಿಸದು. ಯಾವ ತಿಂಗಳು ದಾರಿ ಮುಚ್ಚಬೇಕು, ಎಲ್ಲಿ ತಿರುಗಿಸಬೇಕು, ಯಾವ ಒರತೆಯ ಬಳಿ ಜನ ಕೂರದಂತೆ ನೋಡಿಕೊಳ್ಳಬೇಕು ಎಂಬುದು ಆ ದಾರಿಯಲ್ಲಿ ದನ ಅಟ್ಟಿದವರಿಗೆ, ಅಬ್ಬಿ ನೀರು ಮನೆಗೆ ತಿರುಗಿಸಿಕೊಂಡವರಿಗೆ ಗೊತ್ತು. ಅವರನ್ನು ಗೈಡ್ ಎಂದು ನೇಮಿಸಿಕೊಳ್ಳುತ್ತೇವೆ, ನಕ್ಷೆ ಬರೆಯಲು ಕೂರಿಸುವುದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡಗಳು ಕರಗಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದರು. ವಿಪರೀತ ಮಳೆಯ ಜೊತೆಗೆ ಮನೆ, ಹೋಮ್‌ಸ್ಟೇ, ರಸ್ತೆಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಹೇಳಿದರು. ಅದೇ ಸಂಸ್ಥೆ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ತಯಾರಿಸಿದೆ. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೊಮೀಟರ್. ಇದರಲ್ಲಿ ನಿಮ್ಮ ಮನೆ ಕಾಣದು, ಆದರೆ ನಿಮ್ಮ ಮನೆ ಹಿಂದಿನ ಗುಡ್ಡದ ಅಪಾಯ ತೋರುವ ಬಣ್ಣ ಕಾಣುತ್ತದೆ. ಆ ನಕ್ಷೆ ಹಳ್ಳಿಯ ಸರ್ವೆ ನಂಬರ್‌ಗೆ ಇಳಿಯಬೇಕಾದರೆ ಊರಿನವರ ನೆನಪು ಬೇಕು: ಎಲ್ಲಿ ಧರೆ ಜರಿದಿತ್ತು, ಯಾವ ವರ್ಷ ಬಿರುಕು ಬಿಟ್ಟಿತು, ಯಾವ ಒರತೆಯಲ್ಲಿ ದಿಢೀರನೆ ಕೆಂಪು ನೀರು ಬಂತು. ಆ ಕೆಲಸ ಮಾಡಬಲ್ಲ ಸಭೆಗೆ ಗ್ರಾಮಸಭೆ ಎಂಬ ಹೆಸರು ಈಗಾಗಲೇ ಇದೆ.

ಯೋಜನೆಯನ್ನು ಇಲಾಖೆಗಳಿಗೆ ಹರಿದು ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ತಲಕಾವೇರಿ ಇದೆ. 2020ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸೇರಿತು. ಗುಡ್ಡದ ಮೇಲೆ ತೋಡಿದ್ದ ಇಂಗುಗುಂಡಿಗಳತ್ತ ಊರಿನವರು ಬೆರಳು ತೋರಿದರು, ಅದೊಂದು ವಿವಾದವಾಯಿತು. ಆ ಒಂದು ಕುಸಿತಕ್ಕೆ ಗುಂಡಿಗಳೇ ಕಾರಣವೋ ಅಲ್ಲವೋ, ಬಯಲುಸೀಮೆಯಲ್ಲಿ ಪುಣ್ಯವಾದ ಇಂಗುಗುಂಡಿ, ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಅಪಾಯ ಎಂಬುದು ಮಣ್ಣಿನ ಮೊದಲ ಪಾಠ. ನೀರಿನ ಯೋಜನೆ ಒಂದು ಕಡತದಲ್ಲಿ, ಕುಸಿತದ ಯೋಜನೆ ಇನ್ನೊಂದರಲ್ಲಿ, ಪ್ರವಾಸಿಗರದು ಮೂರನೆಯದರಲ್ಲಿ ಇದ್ದರೆ ಈ ಪಾಠ ಯಾರ ಮೇಜಿಗೂ ಬರುವುದಿಲ್ಲ.

‘ಪಂಚಾಯಿತಿಗೆ ಕೊಟ್ಟರೆ ಮುಗಿಯಿತು, ಅಲ್ಲಿ ಕೂತಿರುವವರೇ ಹೋಮ್‌ಸ್ಟೇ ಮಾಲೀಕರು, ಜೆಸಿಬಿ ಇಟ್ಟವರು’ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ನಮೂನೆ 9 ಮತ್ತು 11ರ ಹಿಂದೆ ನಡೆಯುವ ವ್ಯವಹಾರ ಮಲೆನಾಡಿನ ಯಾವ ಪೇಟೆಯ ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಭೂಪರಿವರ್ತನೆಗೆ ಸಹಿ ಹಾಕಿದ್ದು ಪಂಚಾಯಿತಿಯೇ? ಶಿರೂರಿನ ಗುಡ್ಡವನ್ನು ನೆಟ್ಟಗೆ ಕಡಿದದ್ದು ಚತುಷ್ಪಥ ಹೆದ್ದಾರಿಗಾಗಿ, ಗ್ರಾಮಸಭೆಯ ಠರಾವಿಗಾಗಿ ಅಲ್ಲ. ಸಹಿ ಹಾಕುವ ಅಧಿಕಾರ ಮಾತ್ರ ಕೊಟ್ಟು, ಯಾವುದಕ್ಕೆ ಹಾಕಬಾರದು ಎಂದು ತೋರಿಸುವ ನಕ್ಷೆ ಕೊಡದಿದ್ದರೆ ಸಹಿ ಮಾರಾಟಕ್ಕೇ ಹೋಗುತ್ತದೆ. ನಕ್ಷೆ ಪಂಚಾಯಿತಿ ಗೋಡೆಯ ಮೇಲಿದ್ದರೆ, ಕೆಂಪು ಬಣ್ಣದ ಜಾಗಕ್ಕೆ ಪರವಾನಗಿ ಕೊಟ್ಟ ಸದಸ್ಯನನ್ನು ಅವನ ವಾರ್ಡಿನವರೇ ನಿಲ್ಲಿಸಿ ಕೇಳಬಹುದು.

ಕಾನೂನಿನ ಸ್ಥಿತಿಯೂ ತಮಾಷೆಯದು. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ಎಣಿಸಿಕೊಟ್ಟ 29 ವಿಷಯಗಳಲ್ಲಿ ಸಾಮಾಜಿಕ ಅರಣ್ಯ, ಜಲಾನಯನ, ಗ್ರಾಮೀಣ ರಸ್ತೆ ಇವೆ. ವಿಪತ್ತು ಇಲ್ಲ, ಪ್ರವಾಸೋದ್ಯಮ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯನ್ನು ಅಧ್ಯಕ್ಷರನ್ನಾಗಿಯೂ, ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನು ಸಹ ಅಧ್ಯಕ್ಷರನ್ನಾಗಿಯೂ ಮಾಡಿದೆ. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ವರ್ಷಗಳು ಕಳೆದರೂ ಚುನಾವಣೆ ನಡೆಸದೆ ಸರ್ಕಾರಗಳು ಬದಲಾದವು. ಬಿಜೆಪಿ ಇದ್ದಾಗಲೂ ನೆಪ ಇತ್ತು, ಕಾಂಗ್ರೆಸ್ ಬಂದ ಮೇಲೂ ನೆಪ ಸಿಕ್ಕಿತು. ಶಿರೂರಿನ ಮಣ್ಣು ತೆಗೆಯುತ್ತಿದ್ದ ದಿನಗಳಲ್ಲಿ ಆ ಸಹ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು.

ಇನ್ನು ಪಶ್ಚಿಮಘಟ್ಟ ಕುರಿತ ಕಸ್ತೂರಿರಂಗನ್ ವರದಿ. 2013ರ ಆ ವರದಿ ರಾಜ್ಯದ 20,668 ಚದರ ಕಿಲೊಮೀಟರ್ ಪ್ರದೇಶವನ್ನು ಪರಿಸರಸೂಕ್ಷ್ಮ ಎಂದು ಗುರುತಿಸಿತ್ತು. ವಯನಾಡಿನ ಭೂಕುಸಿತ ದುರಂತದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಅದರ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು, ಜನರ ಬದುಕಿನ ಹೆಸರಿನಲ್ಲಿ. ಮೇಲಿನಿಂದ ಹೇರಿದ ಗೆರೆಯನ್ನು ವಿರೋಧಿಸುವ ಹಕ್ಕು ಮಲೆನಾಡಿನವರಿಗೆ ಇದೆ, ನಾನೂ ಅದರ ಪರ. ಆದರೆ ಗೆರೆ ಎಲ್ಲಿರಬೇಕು ಎಂದು ಗ್ರಾಮಸಭೆಗಳನ್ನು ಕೇಳಿ ಎಂದು 2011ರಲ್ಲೇ ಹೇಳಿದ್ದ ಗಾಡ್ಗೀಳ್ ವರದಿಯನ್ನು ಮೂಲೆಗೆ ಹಾಕಿದವರೂ ಇದೇ ಜನರ ಹೆಸರು ಹೇಳುತ್ತಿದ್ದರು. ಗ್ರಾಮಸಭೆಗಳನ್ನು ನಾವು ಕೇಳಿದ್ದು ‘ಬೇಕೋ ಬೇಡವೋ’ ಎಂದು ಮಾತ್ರ. ಹಾಗೆ ಕೇಳಿದರೆ ಬೇಡ ಎಂದೇ ಉತ್ತರ ಬರುತ್ತದೆ, ಬರಬೇಕು ಕೂಡ.

ಬೇರೆ ರೀತಿ ಕೇಳಲು ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಮಳೆಮಾಪಕಗಳನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೇ ಕೂರಿಸಿದೆ. ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗೊಂದು ನಿರ್ವಹಣಾ ಸಮಿತಿ ಇರಬೇಕೆಂದಿದೆ. ವಾರ್ಷಿಕ ಅಭಿವೃದ್ಧಿ ಯೋಜನೆಯನ್ನು ಪಂಚಾಯಿತಿ ಹೇಗಿದ್ದರೂ ಬರೆಯಬೇಕು. ಆ ಯೋಜನೆಯ ಮೊದಲ ಪುಟಕ್ಕೆ ಒಂದೇ ನಕ್ಷೆ ಬರಲಿ: ಕುಸಿಯಬಹುದಾದ ಇಳಿಜಾರು, ನೀರಿನ ಮೂಲ, ಕಾನು, ದೇವರಕಾಡು, ಚಾರಣದ ದಾರಿ ಎಲ್ಲವೂ ಒಂದೇ ಹಾಳೆಯಲ್ಲಿ. ಎಷ್ಟು ಮಿಲಿಮೀಟರ್ ಮಳೆ ಬಿದ್ದರೆ ಯಾವ ಮನೆಗಳನ್ನು ಖಾಲಿ ಮಾಡಿಸಬೇಕು, ಯಾವ ದಾರಿ ಮುಚ್ಚಬೇಕು ಎಂಬುದು ಅದರ ಪಕ್ಕದಲ್ಲೇ ಬರೆದಿರಲಿ. ಚಾರಣದ ಟಿಕೆಟ್ ಹಣದಲ್ಲಿ ಪಂಚಾಯಿತಿಗೆ ಕಡ್ಡಾಯ ಪಾಲು ಇರಲಿ, ಅದು ದಾರಿಯ ದುರಸ್ತಿಗೇ ಹೋಗಲಿ. ಜಿಲ್ಲಾ ಪಂಚಾಯಿತಿ ಚುನಾವಣೆ ಘೋಷಿಸಲು ಮಾತ್ರ ಬೆಂಗಳೂರಿನ ಸಹಿ ಬೇಕು. ಉಳಿದದ್ದನ್ನು ಒಬ್ಬ ಜಿಲ್ಲಾಧಿಕಾರಿ, ಒಬ್ಬ ಡಿಎಫ್ಒ, ಮುಂದಿನ ಗ್ರಾಮಸಭೆಯ ದಿನಾಂಕ ನೋಡಿಕೊಂಡು ಶುರುಮಾಡಬಹುದು.