ಸಮಯಕ್ಕೆ ಸರಿಯಾಗಿ ಬಂತು, ಆದರೆ ಬಂದದ್ದೇನು?

ದುಬೈಯ ಒಂದು ಕಂಪೆನಿಯ ಐಟಿ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು ಊರಿಗೆ ಮರಳಿದವನು ನಾನು. ಅಲ್ಲಿ ನನ್ನ ಕೆಲಸ ಗ್ರಾಹಕರೊಂದಿಗಿನ ಒಪ್ಪಂದದ ಕಾಗದಪತ್ರ ತಯಾರಿಸುವುದು. ಅದರಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಸೇವಾ ವಿವರಣೆ: ಏನು ಕೊಡುತ್ತೇವೆ, ಯಾರಿಗೆ, ಎಲ್ಲಿಯವರೆಗೆ, ಯಾವುದು ಇದರಲ್ಲಿ ಸೇರಿಲ್ಲ. ಇನ್ನೊಂದು ಎಸ್‌ಎಲ್‌ಎ, ಅಂದರೆ ಸೇವಾ ಮಟ್ಟದ ಒಪ್ಪಂದ: ಅದನ್ನು ಎಷ್ಟು ಬೇಗ, ಎಷ್ಟು ಚೆನ್ನಾಗಿ ಕೊಡುತ್ತೇವೆ, ಮಾತು ತಪ್ಪಿದರೆ ಏನು ಪರಿಹಾರ.

ನಮ್ಮ ಮದುವೆಯ ಅಡುಗೆ ವಹಿಸಿಕೊಡುವಾಗಲೂ ಇದೇ ನಡೆಯುತ್ತದೆ. ಐನೂರು ಜನಕ್ಕೆ ಮಟನ್ ಬಿರಿಯಾನಿ ಎಂಬುದು ವಿವರಣೆ. ಒಂದು ಗಂಟೆಗೆ ಬಿಸಿಬಿಸಿಯಾಗಿ ಬಡಿಸಬೇಕು, ತಡವಾದರೆ ಹಣ ಕಡಿತ ಎಂಬುದು ಒಪ್ಪಂದ. ಮಟನ್ ಎಂದು ಮೊದಲೇ ಹೇಳದೆ ಗಂಟೆ ಮಾತ್ರ ಹೇಳಿದರೆ, ಸರಿಯಾಗಿ ಒಂದು ಗಂಟೆಗೆ ತರಕಾರಿ ಪಲಾವ್ ಬಂದು ಇಳಿಯಬಹುದು. ಆಗ ಜಗಳವಾಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಇಂಟರ್‌ನೆಟ್ ವಿಷಯದಲ್ಲಿ ಇದನ್ನು ಕಣ್ಣಾರೆ ಕಂಡೆ. ನಮ್ಮೂರಿನ ಒಂದು ಸಂಸ್ಥೆ 99.5 ಶೇಕಡಾ ಲಭ್ಯತೆ ಎಂಬ ಮಾತು ನಂಬಿ ಸಹಿ ಹಾಕಿತ್ತು. ಮೂವತ್ತು ದಿನದ ತಿಂಗಳಿಗೆ ಲೆಕ್ಕ ಹಾಕಿದರೆ 3 ಗಂಟೆ 36 ನಿಮಿಷ ಮಾತ್ರ ಕಡಿತವಾಗಬಹುದು. ಆದರೆ ಎರಡು ದಿನ ಕಂಪ್ಯೂಟರುಗಳು ಸುಮ್ಮನೆ ಕೂತವು. ದೂರು ಕೊಟ್ಟಾಗ ಕಂಪೆನಿಯವರು ವಿವರಣೆಯ ಪುಟ ತೋರಿಸಿದರು. ಅವರ ಸೇವೆ ಗೇಟಿನ ಬಳಿಯ ಪೆಟ್ಟಿಗೆಯವರೆಗೆ ಮಾತ್ರ, ಅಳತೆಯೂ ಅಲ್ಲಿಯೇ. ಅಲ್ಲಿ ಒಂದು ನಿಮಿಷವೂ ಕಡಿತವಾಗಿರಲಿಲ್ಲ. ಕೆಟ್ಟದ್ದು ಒಳಗಿನ ವಯರು. ಅವರು ಸುಳ್ಳು ಹೇಳಲಿಲ್ಲ, ನಾವು ಓದಿರಲಿಲ್ಲ.

ಅದು ಹಣದ ನಷ್ಟ, ಸಹಿಸಬಹುದು. ಉಮ್ಮನ ವಿಷಯ ಹಾಗಲ್ಲ. ಅವರಿಗೆ ಓದಲು ಬರುವುದು ಕನ್ನಡ, ಮಲಯಾಳ ಲಿಪಿ ಗೊತ್ತಿಲ್ಲ. ಒಂದು ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟಿದ್ದರು. ಉತ್ತರ ಗಡುವಿನೊಳಗೆ ಬಂತು, ಮಲಯಾಳದಲ್ಲಿ. ಹದಿನೈದು ದಿನದಲ್ಲಿ ಇನ್ನೊಂದು ದಾಖಲೆ ತರಬೇಕು ಎಂದು ಅದರಲ್ಲಿತ್ತು. ಮಗ ಬಂದಾಗ ಓದಿಸೋಣ ಎಂದು ಉಮ್ಮ ಅದನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟರು. ನಾನು ರಜೆಯಲ್ಲಿ ಬರುವಾಗ ಅರ್ಜಿ ತಿರಸ್ಕೃತವಾಗಿತ್ತು. ಕಚೇರಿಯ ಪುಸ್ತಕದಲ್ಲಿ ಮಾತ್ರ ಸೇವೆ ಸಮಯಕ್ಕೆ ಸರಿಯಾಗಿ ಮುಗಿದಿದೆ.

ಕೇರಳದಲ್ಲಿ ಸೇವಾ ಹಕ್ಕು ಕಾಯ್ದೆ 2012ರಿಂದ ಇದೆ. ಯಾವ ಸೇವೆ, ಯಾವ ಅಧಿಕಾರಿ, ಎಷ್ಟು ದಿನ ಎಂದು ಪ್ರಕಟಿಸಬೇಕು, ತಪ್ಪಿದರೆ ಅಧಿಕಾರಿಗೆ ದಂಡವೂ ಉಂಟು. ಕರ್ನಾಟಕದ ಸಕಾಲದಲ್ಲಿ ತಡವಾದ ಪ್ರತಿ ದಿನಕ್ಕೆ ಅರ್ಜಿದಾರರಿಗೆ 20 ರೂಪಾಯಿ, ಗರಿಷ್ಠ 500 ರೂಪಾಯಿ. ಇವೆಲ್ಲ ಎಸ್‌ಎಲ್‌ಎ ಜಾತಿಯವೇ. ಇನ್ನೊಂದೆಡೆ, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು, ತಮಿಳರು ತಮ್ಮ ಭಾಷೆಯಲ್ಲೇ ಕಚೇರಿಗಳೊಂದಿಗೆ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಇದು ವಿವರಣೆಯ ಭಾಗ. ಒಂದು ಕಾಯ್ದೆ ದಿನ ಎಣಿಸುತ್ತದೆ, ಇನ್ನೊಂದು ಭಾಷೆ ಹೇಳುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸದಿದ್ದರೆ ಉಮ್ಮನಂಥವರಿಗೆ ಎರಡರಿಂದಲೂ ಉಪಯೋಗವಿಲ್ಲ.

ಅಧಿಕಾರಿಗಳ ಕಷ್ಟವೂ ನನಗೆ ಗೊತ್ತು. ಕನ್ನಡ ಬಲ್ಲವರಿಲ್ಲದ ಮೇಜಿನಲ್ಲಿ ಕನ್ನಡ ಉತ್ತರ ಹುಟ್ಟುವುದಿಲ್ಲ. ಆದರೆ ಅದಕ್ಕೇ ವಿವರಣೆ ಬರೆಯಬೇಕು. ‘ಕನ್ನಡ ಅರ್ಜಿಗೆ ಕನ್ನಡದಲ್ಲಿ ಉತ್ತರ’ ಎಂದು ಬರೆದ ಮೇಲೆ ಭಾಷಾಂತರಕ್ಕೆ ಜನ ಬೇಕು, ಎರಡು ದಿನ ಹೆಚ್ಚು ಬೇಕು ಎಂಬುದು ತಾನಾಗಿ ಲೆಕ್ಕಕ್ಕೆ ಬರುತ್ತದೆ. ಎರಡು ದಿನ ಹೆಚ್ಚಾದರೆ ಆಗಲಿ. ಓದಲಾಗದ ಉತ್ತರ ಬೇಗ ಬಂದು ಏನು ಪ್ರಯೋಜನ?

ಆದ್ದರಿಂದ ಮಂಜೇಶ್ವರ, ಕಾಸರಗೋಡಿನ ನಮ್ಮ ಪಂಚಾಯತ್ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಕಚೇರಿಯ ಗೋಡೆಯ ಸೇವಾ ಫಲಕದಲ್ಲಿ ಸೇವೆಯ ಹೆಸರು, ದಿನಗಳ ಸಂಖ್ಯೆಯ ಜೊತೆಗೆ ಉತ್ತರ ಯಾವ ಭಾಷೆಯಲ್ಲಿ ಎಂದೂ ಬರೆಸಿ. ಓದುಗರಾದ ನೀವು ಅರ್ಜಿಯ ಕೊನೆಯಲ್ಲಿ ‘ಉತ್ತರ ಕನ್ನಡದಲ್ಲಿ ಬೇಕು’ ಎಂದು ಒಂದು ಸಾಲು ಸೇರಿಸಿ, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಉಮ್ಮನ ಎರಡನೇ ಅರ್ಜಿಯಲ್ಲಿ ನಾನು ಆ ಸಾಲು ಬರೆದಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇವೆ.