ಕಡಲು ಬರಿಯ ಬಯಲಲ್ಲ, ಅದೂ ಮನೆಯೇ

ಭೂಮಿಯಲ್ಲಿ ಸಂಚರಿಸಿ, ಕಂಡುದರ ಕುರಿತು ಚಿಂತಿಸಲು ಕುರ್‌ಆನ್ ಮತ್ತೆ ಮತ್ತೆ ಆಹ್ವಾನಿಸುತ್ತದೆ. ನೋಡುವುದು ಬೇರೆ, ಚಿಂತಿಸುವುದು ಬೇರೆ. ಈ ವ್ಯತ್ಯಾಸವನ್ನು ಅರಿಯಲು ಶಾಂತಸಾಗರದ ದ್ವೀಪಗಳಿಗಿಂತ ತಕ್ಕ ತಾಣ ವಿರಳವೆಂದೇ ನಾವು ಭಾವಿಸುತ್ತೇವೆ.

ಭೂಮಿಯ ಮೇಲ್ಮೈಯ ಸುಮಾರು ಮೂರನೆಯ ಒಂದು ಭಾಗವನ್ನು ಆವರಿಸಿರುವ ಈ ಸಾಗರದ ದ್ವೀಪಗಳನ್ನು ಮೆಲನೇಷ್ಯಾ, ಮೈಕ್ರೋನೇಷ್ಯಾ, ಪಾಲಿನೇಷ್ಯಾ ಎಂದು ವಿಂಗಡಿಸುವುದು ರೂಢಿ. ಆದರೆ ಅಲ್ಲಿನ ವೈವಿಧ್ಯವು ಮೂರು ಹೆಸರುಗಳಿಗೆ ದಕ್ಕುವಂಥದ್ದಲ್ಲ. ಪಪುವಾ ನ್ಯೂಗಿನಿ ಒಂದರಲ್ಲೇ 800ಕ್ಕೂ ಹೆಚ್ಚು ಭಾಷೆಗಳಿವೆ. ಕಿರಿಬಾಟಿಯ 33 ದ್ವೀಪಗಳ ನೆಲವೆಲ್ಲ ಸೇರಿ 811 ಚದರ ಕಿಲೋಮೀಟರ್ ಮಾತ್ರ. ಅವು ಚದುರಿರುವ ಕಡಲಾದರೋ 30 ಲಕ್ಷ ಚದರ ಕಿಲೋಮೀಟರ್‌ಗೂ ಮಿಗಿಲು. 1995ರ ಆರಂಭದಲ್ಲಿ ದಿನಾಂಕ ರೇಖೆಯನ್ನು ಸರಿಸುವವರೆಗೆ, ಆ ದೇಶದ ಪಶ್ಚಿಮದಲ್ಲಿ ಶುಕ್ರವಾರವಿದ್ದಾಗ ಪೂರ್ವದಲ್ಲಿ ಇನ್ನೂ ಗುರುವಾರವಿರುತ್ತಿತ್ತು!

ಇಂಥ ದೇಶಗಳನ್ನು 'ಪುಟ್ಟವು, ಒಂಟಿಯಾದವು' ಎಂದು ಕರೆಯುವುದು ದಡದಲ್ಲಿ ನಿಂತವರ ದೃಷ್ಟಿ. ಟೊಂಗಾ ಮೂಲದ ಚಿಂತಕ ಎಪೆಲಿ ಹೌಓಫಾ ಈ ದೃಷ್ಟಿಯನ್ನು 1993ರಲ್ಲಿಯೇ ಖಂಡಿಸಿದ್ದರು. ಅವರ ಪೂರ್ವಜರಿಗೆ ಕಡಲು ಗೋಡೆಯಲ್ಲ, ಹಾದಿ. 1976ರಲ್ಲಿ ಹೊಕುಲೆಆ ಎಂಬ ಹಾಯಿದೋಣಿಯು ಹವಾಯಿಯಿಂದ ತಾಹಿತಿಗೆ ತಲುಪಿತು. ಅದನ್ನು ನಡೆಸಿದ ಮೈಕ್ರೋನೇಷ್ಯಾದ ಮೌ ಪಿಯಾಯ್ಲುಗ್ ಅವರ ಬಳಿ ದಿಕ್ಸೂಚಿಯೂ ಇರಲಿಲ್ಲ. ನಕ್ಷತ್ರ, ಅಲೆ, ಹಕ್ಕಿಗಳೇ ಅವರ ಮಾರ್ಗದರ್ಶಕರು. ನಕ್ಷತ್ರಗಳನ್ನು ದಾರಿ ತೋರುವ ಅನುಗ್ರಹವೆಂದು ನಂಬುವ ನಮಗೆ ಈ ವಿದ್ಯೆ ಪರಕೀಯವೆನಿಸಬಾರದು.

ಫಿಜಿಯು ನಮಗೆ ಇನ್ನೂ ಹತ್ತಿರ. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಗಿರ್ಮಿಟ್ ಕರಾರಿನ ಮೇಲೆ ಅಲ್ಲಿಗೆ ಒಯ್ಯಲಾಯಿತು. ಅವರಲ್ಲಿ ಮುಸ್ಲಿಮರೂ ಇದ್ದರು. ಕಬ್ಬಿನ ಗದ್ದೆಯಲ್ಲಿ ಬೆವರು ಹರಿಸಿದ ಅವರು ಅಲ್ಲಿಯೇ ಮಸೀದಿಗಳನ್ನೂ ಕಟ್ಟಿಕೊಂಡರು. ಮರಳದಂಡೆಯಷ್ಟನ್ನೇ ಕಂಡು ಬರುವ ಪ್ರವಾಸಿಗೆ ಈ ಚರಿತ್ರೆ ಕಾಣದು.

ಈಗ ಆ ದಂಡೆಯೇ ಕರಗುತ್ತಿದೆ. 2014ರಲ್ಲಿ ಫಿಜಿಯ ವುನಿಡೊಗೊಲೊವಾ ಗ್ರಾಮವು ಏರುವ ಕಡಲಿಗೆ ಅಂಜಿ ಒಳನಾಡಿಗೆ ಸರಿಯಿತು. ಟುವಾಲುವಿನ ಅತಿ ಎತ್ತರದ ನೆಲವೂ ಕೆಲವೇ ಮೀಟರುಗಳಷ್ಟು. ಭೂಮಿಯ ತಾಪವನ್ನು ಹೆಚ್ಚಿಸುವಲ್ಲಿ ಇವರ ಪಾಲು ಅತ್ಯಲ್ಪ. ಶಿಕ್ಷೆ ಮಾತ್ರ ಇವರಿಗೇ ಮೊದಲು. ಇದನ್ನು ವಿಧಿಯೆಂದು ತಳ್ಳಿಹಾಕಲಾಗದು. ಇದು ಮನುಷ್ಯರು ಮನುಷ್ಯರಿಗೆ ಎಸಗುವ ಅನ್ಯಾಯ.

ಆದ್ದರಿಂದ ನಮ್ಮ ಮಕ್ಕಳಿಗೆ ಆ ನೀಲಿ ನಕಾಶೆಯನ್ನು ತೋರಿಸುವಾಗ ಚುಕ್ಕೆಗಳನ್ನಷ್ಟೇ ಎಣಿಸದಿರೋಣ. ಪ್ರತಿ ಚುಕ್ಕೆಯಲ್ಲೂ ಒಂದು ಭಾಷೆಯಿದೆ, ಗೋರಿಗಳಿವೆ, ತೊಟ್ಟಿಲುಗಳಿವೆ ಎಂದು ತಿಳಿಸೋಣ. ಅತಿಥಿಯಾಗಿ ಹೋಗುವವನು ಆತಿಥೇಯನ ಸಂಕಟವನ್ನೂ ಅರಿತು ಮರಳಲಿ. ಆಗ ಮಾತ್ರ ಸಂಚಾರವು ಚಿಂತನೆಯಾಗುತ್ತದೆ.