ಸೆಲ್ಲು ಎಷ್ಟು ಹೊತ್ತು ಬಾಳುತ್ತೆ ಅಂತ ಕೇಳ್ಬೇಡಿ, ಹೇಗೆ ಸಾಯುತ್ತೆ ಅಂತ ಕೇಳಿ

ತುಂಬ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಬೈಸಿಕೊಳ್ಳೋ ವಿಷಯ ಇಟ್ಕೊಂಡೇ ವಾಪಸ್ ಬಂದಿದೀನಿ :-)

ನಮ್ಮೂರ ಕಡೆ ಬ್ಯಾಟರಿ ಅಂದ್ರೆ ಟಾರ್ಚು. ಅದರೊಳಗೆ ಹಾಕೋದು ಸೆಲ್ಲು. "ಬ್ಯಾಟರಿ ತಗೊಂಡು ಬಾ" ಅಂದ್ರೆ ಟಾರ್ಚು ತರ್ಬೇಕು, "ಸೆಲ್ಲು ತಗೊಂಡು ಬಾ" ಅಂದ್ರೆ ಅಂಗಡಿಗೆ ಹೋಗ್ಬೇಕು. ಈ ಬರಹ ಸೆಲ್ಲಿನ ಬಗ್ಗೆ. ಅದರಲ್ಲೂ ಹೆಡ್‌ಫೋನ್ ಆಂಪ್ಲಿಫೈಯರಿಗೆ ಹಾಕೋ ಸೆಲ್ಲಿನ ಬಗ್ಗೆ.

"ಅಯ್ಯೋ, ಅದಕ್ಕೊಂದು ಬರಹ ಬೇರೆ ಬೇಕಾ?" ಅಂತೀರೇನೋ. ಹಾಗಂದವರಿಗಾಗಿಯೇ ಬರೀತಿರೋದು.

ಮೊದಲು ಕತೆ ಕೇಳಿ. ಅಪ್ಪನಿಗೆ ಹಳೇ ಸಂಗೀತ ಕಚೇರಿಗಳ ಹುಚ್ಚು. ಮನ್ಸೂರರು, ಭೀಮಸೇನ ಜೋಶಿ.. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿದು, ಕೊನೆಗೆ ನಾನೇ ಕಂಪ್ಯೂಟರಿಗೆ ಹಾಕಿದ ರೆಕಾರ್ಡಿಂಗುಗಳು. ಶಬ್ದ ತುಂಬಾ ಸಣ್ಣದು. ಫೋನಿನ ವಾಲ್ಯೂಮು ಪೂರ್ತಿ ಏರಿಸಿದ್ರೂ ಸಾಲಲ್ಲ. ಮಲೆನಾಡಿನ ಮಳೆಗಾಲ, ಕರೆಂಟು ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ. ಅದಕ್ಕೇ ಅಂಗೈಯಗಲದ ಡಬ್ಬಿಯಲ್ಲಿ ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದೆ. 9 ವೋಲ್ಟಿನ ಎರಡು ಬ್ಯಾಟರಿ. ಒಂದು ಪ್ಲಸ್ಸಿಗೆ, ಒಂದು ಮೈನಸ್ಸಿಗೆ, ಎರಡೂ ಸೇರೋ ಜಾಗ ಗ್ರೌಂಡು. ಹೆಡ್‌ಫೋನಿಗೆ ಕರೆಂಟು ಧಾರಾಳ ಸಿಗಲಿ ಅಂತ ಕೊನೆಯಲ್ಲಿ 250 ಮಿಲಿಆಂಪ್ ಕೊಡಬಲ್ಲ ಬಫರ್ ಚಿಪ್ಪುಗಳು.

ಎರಡು ವರ್ಷ ಚೆನ್ನಾಗೇ ನಡೀತು. ಆಮೇಲೆ ನಾನೇ ಜಾಣ ಆಗೋಕೆ ಹೋದೆ. ಹಳೇ ನಿಕಲ್ ಬ್ಯಾಟರಿ ತೆಗೆದು, ಆನ್‌ಲೈನಲ್ಲಿ ಸಿಕ್ಕ ಹೊಸ ಥರದ ಲಿಥಿಯಂ 9 ವೋಲ್ಟ್ ಬ್ಯಾಟರಿ ಹಾಕಿದೆ. ಅದಕ್ಕೇ ಯುಎಸ್‌ಬಿ ತೂತು ಇದೆ, ಫೋನಿನ ಚಾರ್ಜರಲ್ಲೇ ಚಾರ್ಜ್ ಆಗುತ್ತೆ. ಅಪ್ಪನಿಗೆ ಸುಲಭ ಅಂದ್ಕೊಂಡೆ. ಮೇಲೆ ಬರೆದಿದ್ದ ಸಂಖ್ಯೆಯೂ ಹಳೇದರ ಎರಡೂವರೆ ಪಟ್ಟು!

ತಿಂಗಳಾಗಿರಲಿಲ್ಲ, ಬೆಳಿಗ್ಗೆ ಬೆಳಿಗ್ಗೆ ಅಪ್ಪನ ಫೋನು. "ಏನೋ ಮಾರಾಯಾ, ನಿನ್ನ ಡಬ್ಬಿ ರಾತ್ರಿ ಟಪ್ ಅಂತು. ಕಿವಿ ಹತ್ರ ಬಿಸಿ ಬಿಸಿ ಆಯ್ತು, ಸುಟ್ಟ ವಾಸನೆ. ತೆಗೆದು ಎಸೆದೆ." ಕಿವಿಗೇನೂ ಆಗಲಿಲ್ಲ, ಪುಣ್ಯ. ಹೆಡ್‌ಫೋನು ಮಾತ್ರ ಹೋಯ್ತು. ಬಲಗಡೆ ಪೂರ್ತಿ ಸತ್ತಿತ್ತು, ಎಡಗಡೆ ಕರಕರ. ನನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದ ಹೆಡ್‌ಫೋನ್ ಅದು.

ಆಗಿದ್ದೇನು ಅಂದ್ರೆ, ಎರಡರಲ್ಲಿ ಒಂದು ಬ್ಯಾಟರಿ ಮೊದಲು ಖಾಲಿ ಆಯ್ತು. ಖಾಲಿ ಅಂದ್ರೆ ನಿಧಾನಕ್ಕೆ ಅಲ್ಲ, ಸ್ವಿಚ್ ಆರಿಸಿದ ಹಾಗೆ. ಒಂದು ಕಡೆ ಪೂರ್ತಿ 9 ವೋಲ್ಟು, ಇನ್ನೊಂದು ಕಡೆ ಸೊನ್ನೆ. ತಕ್ಕಡಿಯ ಒಂದು ತಟ್ಟೆ ಕಿತ್ತುಹೋದ್ರೆ ಇನ್ನೊಂದು ನೆಲಕ್ಕೆ ಬಡಿಯಲ್ವಾ, ಹಾಗೆ. ಸಂಗೀತ ಹೋಗಬೇಕಾದ ತಂತಿಯಲ್ಲಿ ನೇರ ಡಿಸಿ ಕರೆಂಟು ಹರೀತು. 32 ಓಮಿನ ಕೂದಲೆಳೆ ಸುರುಳಿ ಎಷ್ಟು ತಡಿಯುತ್ತೆ?

"ನಿನ್ನ ಸರ್ಕ್ಯೂಟಿನಲ್ಲಿ ರಕ್ಷಣೆ ಇರಲಿಲ್ಲ, ತಪ್ಪು ನಿಂದೇ" ಅಂತ ಗೆಳೆಯರು ಬೈದರು. ಒಪ್ಪಿದೆ. 2011ರಲ್ಲಿ ನ್ವಾವ್‌ಗೈ ಅನ್ನೋ ಹೆಸರಲ್ಲಿ ಒಬ್ಬ ಅನಾಮಧೇಯ ಇಂಜಿನಿಯರ್ ಓ2 ಅನ್ನೋ ಆಂಪ್ಲಿಫೈಯರಿನ ಪೂರ್ತಿ ನಕ್ಷೆಯನ್ನ ಎಲ್ಲರಿಗೂ ಕೊಟ್ಟರು. ಅದರಲ್ಲೂ 9 ವೋಲ್ಟ್ ಸೈಜಿನ ಎರಡು ನಿಕಲ್ ಬ್ಯಾಟರಿ. ಆದರೆ ವೋಲ್ಟೇಜು ಒಂದು ಮಟ್ಟಕ್ಕಿಂತ ಇಳಿದ್ರೆ ಎರಡೂ ಕಡೆಯ ಸರಬರಾಜನ್ನ ಒಟ್ಟಿಗೆ ಕಡಿಯೋ ಸರ್ಕ್ಯೂಟು ಅದರೊಳಗೇ ಇದೆ. ಅಂದ್ರೆ ಬ್ಯಾಟರಿ ಹೇಗೆ ಸಾಯುತ್ತೆ ಅಂತ ಆ ಮನುಷ್ಯ ಮೊದಲೇ ಯೋಚಿಸಿದ್ದರು. ನಾನು ಯೋಚಿಸಿರಲಿಲ್ಲ.

ಆದರೆ ಬೈದ ಅದೇ ಗೆಳೆಯರು ದಿನವಿಡೀ ಮಾತಾಡೋದು ಯಾವುದರ ಬಗ್ಗೆ ಗೊತ್ತಾ? ಯಾವ ಆಪ್ ಆಂಪ್ ಚಿಪ್ಪಿನಲ್ಲಿ ತಂಬೂರಿ "ಬೆಚ್ಚಗೆ" ಕೇಳುತ್ತೆ, ಯಾವುದರಲ್ಲಿ "ತಣ್ಣಗೆ" ಕೇಳುತ್ತೆ ಅಂತ! ಚಿಪ್ಪಿಗೆ ಐನೂರು ರೂಪಾಯಿ, ವೈರಿಗೆ ಸಾವಿರ ರೂಪಾಯಿ. ಬ್ಯಾಟರಿ ವಿಷಯ ಬಂದ್ರೆ "ಯಾವುದೋ ಒಂದು ಹಾಕೋ, ಎಂಎಎಚ್ ಜಾಸ್ತಿ ಇರೋದು ನೋಡಿ". ನನ್ನ ಜಗಳ ಇರೋದು ಈ ಮಾತಿನ ಜೊತೆ.

ಎಂಎಎಚ್ ಅನ್ನೋದು ಅರ್ಧ ಲೆಕ್ಕ. ಎಷ್ಟು ವೋಲ್ಟಿನಲ್ಲಿ ಅಂತ ಹೇಳದೇ ಇದ್ರೆ ಅದಕ್ಕೆ ಅರ್ಥ ಇಲ್ಲ. ನಿಮ್ಮ ಪವರ್ ಬ್ಯಾಂಕನ್ನೇ ತಗೊಳ್ಳಿ. 10000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತೆ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದ್ರೆ 37 ವಾಟ್ ಅವರ್. ಹೊರಗೆ ಬರೋ 5 ವೋಲ್ಟಿನ ಲೆಕ್ಕದಲ್ಲಿ 7400. ಅದರಲ್ಲೂ ಸ್ವಲ್ಪ ಪರಿವರ್ತನೆಯಲ್ಲೇ ಬಿಸಿಯಾಗಿ ಹೋಗುತ್ತೆ. 9 ವೋಲ್ಟಿನ ಬ್ಯಾಟರಿಯ ಮೇಲೂ ಇದೇ ಆಟ ಆಡಬಹುದು. ಇನ್ನು 18650 ಸೆಲ್ಲಿನ ಮೇಲೆ "9900 ಎಂಎಎಚ್" ಅಂತ ಬರೆದು ಮಾರೋರು ಇದ್ದಾರಲ್ಲ, ಅದು ಶುದ್ಧ ಸುಳ್ಳು. ಒಳ್ಳೇ ಕಂಪನಿಗಳ 18650 ವರ್ಷಗಟ್ಟಲೆ 3500ರ ಆಸುಪಾಸಲ್ಲೇ ಇದೆ. ಅಡುಗೆಮನೆ ತಕ್ಕಡಿ ಮೇಲೆ ಇಟ್ಟು ನೋಡಿ. ಅಸಲಿ ಸೆಲ್ಲು 45 ಗ್ರಾಂ ಸುತ್ತಮುತ್ತ ತೂಗುತ್ತೆ. ತೀರಾ ಹಗುರ ಇದ್ರೆ ಅನುಮಾನ ಪಡಿ.

ಈಗ ಸಾವಿನ ವಿಷಯ. ಆಲ್ಕಲೈನ್ 9 ವೋಲ್ಟ್ ಬ್ಯಾಟರಿ ಒಳಗೆ 1.5 ವೋಲ್ಟಿನ ಆರು ಪುಟ್ಟ ಸೆಲ್ಲುಗಳಿರುತ್ತವೆ. ಅದು ಅಜ್ಜ ಅಜ್ಜಿಯರ ಹಾಗೆ, ಮುಂಚೆಯೇ ಸೂಚನೆ ಕೊಟ್ಟು ನಿಧಾನಕ್ಕೆ ಇಳಿಯುತ್ತೆ. ಜೋರಿನ ತಾನು ಬಂದಾಗ ದನಿ ಒಡೆಯುತ್ತೆ, ನಾವು ತೆಗೀತೀವಿ. ನಿಕಲ್ ಮೆಟಲ್ ಹೈಡ್ರೈಡ್ ಬಹಳ ಹೊತ್ತು ಸಮನಾಗಿದ್ದು, ಕೊನೆಗೆ ಬೇಗ ಇಳಿಯುತ್ತೆ. ಬೇಗ ಅಂದ್ರೂ ಇಳಿಯುತ್ತೆ, ಕಡಿದುಬೀಳಲ್ಲ. ಯುಎಸ್‌ಬಿ ಲಿಥಿಯಂ 9 ವೋಲ್ಟಿನ ಎಷ್ಟೋ ಬ್ಯಾಟರಿಗಳ ಕತೆಯೇ ಬೇರೆ. ಒಳಗಿರೋದು 3.7 ವೋಲ್ಟಿನ ಸೆಲ್ಲು, ಜೊತೆಗೊಂದು ವೋಲ್ಟೇಜ್ ಏರಿಸೋ ಸರ್ಕ್ಯೂಟು. ಅದು ಕೊನೇ ಕ್ಷಣದ ತನಕ 9 ವೋಲ್ಟು ತೋರಿಸಿ, ಆಮೇಲೆ ದಢಕ್ಕನೆ ಸೊನ್ನೆ. ಮೀಟರ್ ಹಿಡಿದು ನೋಡಿದ್ರೂ ಎಷ್ಟು ಉಳಿದಿದೆ ಅಂತ ಗೊತ್ತಾಗಲ್ಲ, ಎಲ್ಇಡಿಯೂ ಮಂಕಾಗಲ್ಲ. ಸಾಲದ್ದಕ್ಕೆ ಆ ಸರ್ಕ್ಯೂಟು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗ್ತಾ ಇರುತ್ತೆ. ಸರಿಯಾಗಿ ಫಿಲ್ಟರ್ ಮಾಡದೇ ಇದ್ರೆ ಆಲಾಪದ ಹಿಂದೆ ಸುಂಯ್ ಅಂತ ಇನ್ನೊಂದು ತಂಬೂರಿ!

"ಹಾಗಾದ್ರೆ ಪವರ್ ಬ್ಯಾಂಕಿಗೇ ಸಿಕ್ಕಿಸಿದ್ರೆ?" ಅಂತ ಒಬ್ಬ ಕೇಳಿದ. ಸಣ್ಣ ಆಂಪ್ಲಿಫೈಯರ್ ಹತ್ತು ಹನ್ನೆರಡು ಮಿಲಿಆಂಪ್ ಎಳೆಯುತ್ತೆ. ಇಷ್ಟು ಕಮ್ಮಿ ಎಳೆದ್ರೆ ಬಹಳಷ್ಟು ಪವರ್ ಬ್ಯಾಂಕುಗಳು "ಯಾರೂ ಇಲ್ಲ" ಅಂದ್ಕೊಂಡು ತಾವೇ ಮಲಗಿಬಿಡುತ್ತವೆ.

"ಈಗಿನ ಕಾಲದಲ್ಲಿ ಡಾಂಗಲ್ ಇದೆ, ಬ್ಲೂಟೂತ್ ಇದೆ, ಇದೆಲ್ಲ ಯಾಕೆ?" ಅನ್ನೋರೂ ಇದ್ದಾರೆ. ನಿಮಗೆ ಸಾಕಾದ್ರೆ ಸಂತೋಷ. ಆದರೆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಟರಿ ಸತ್ತ ದಿನ ಇಡೀ ಡಬ್ಬಿಯೇ ಕಸ. ಅಪ್ಪ ಊರಿನ ಅಂಗಡಿಯಿಂದ ತಂದು ತಾವೇ ಹಾಕಿಕೊಳ್ಳೋ ಸೆಲ್ಲು ನನಗೆ ಬೇಕು.

ಬರೀ ಬೈದ್ರೆ ಆಗಲ್ಲ, ನಾನೇನು ಮಾಡಿದೆ ಅಂತಲೂ ಹೇಳ್ತೀನಿ.

ಮೊದಲು ವೋಲ್ಟು ನೋಡಿದೆ. ಒಂದೇ 9 ವೋಲ್ಟ್ ಬ್ಯಾಟರಿಯನ್ನ ಮಧ್ಯಕ್ಕೆ ಸೀಳಿದ್ರೆ ಆಚೆ ನಾಲ್ಕೂವರೆ, ಈಚೆ ನಾಲ್ಕೂವರೆ. ಚಿಪ್ಪು ತನ್ನ ಪಾಲು ಅಂತ ಒಂದೆರಡು ವೋಲ್ಟು ಇಟ್ಕೊಳ್ಳುತ್ತೆ. ಉಳಿಯೋದು ಮೂರರ ಸುತ್ತಮುತ್ತ. 32 ಓಮಿನ, ಸುಲಭಕ್ಕೆ ಸದ್ದು ಮಾಡೋ ಹೆಡ್‌ಫೋನಿಗೆ ಅಷ್ಟು ಧಾರಾಳ ಸಾಕು. 300 ಓಮಿನ ದೊಡ್ಡ ಹೆಡ್‌ಫೋನಿಗಾದ್ರೆ ಸಾಲದೆ ಬರಬಹುದು. ಆಗ ಎರಡು ಬ್ಯಾಟರಿ ಬೇಕು, ಜೊತೆಗೆ ಎರಡನ್ನೂ ಒಟ್ಟಿಗೆ ಕಡಿಯೋ ಸರ್ಕ್ಯೂಟೂ ಬೇಕೇ ಬೇಕು.

ಅಪ್ಪನದು 32 ಓಮು. ಹಾಗಾಗಿ ಎರಡು ಬ್ಯಾಟರಿಯ ಸಹವಾಸ ಬಿಟ್ಟೆ. ಟಿವಿ ರಿಮೋಟಿಗೆ ಹಾಕ್ತೀವಲ್ಲ, ಆ ಡಬಲ್ ಎ ಸೈಜಿನ ನಿಕಲ್ ಸೆಲ್ಲು ಎಂಟು, ಸಾಲಾಗಿ. ಒಟ್ಟು 9.6 ವೋಲ್ಟು. ಗ್ರೌಂಡನ್ನ ಸರ್ಕ್ಯೂಟಿನಲ್ಲೇ ಮಧ್ಯಕ್ಕೆ ಮಾಡಿಕೊಂಡೆ. ಈಗ ಸತ್ರೆ ಎರಡೂ ಕಡೆ ಒಟ್ಟಿಗೇ ಸಾಯುತ್ತೆ. ಸೆಲ್ಲು ತಂದಿದ್ದು ಚಾರ್ಜನ್ನ ಹಿಡಿದಿಟ್ಟುಕೊಳ್ಳೋ ಥರದ್ದು. 2005ರಲ್ಲಿ ಸಾನ್ಯೋ ಕಂಪನಿ ಎನಲೂಪ್ ಹೆಸರಲ್ಲಿ ತಂದ ಥರದ್ದು. ವರ್ಷ ಮೂಲೆಯಲ್ಲಿ ಬಿದ್ದಿದ್ರೂ ಬಹುಪಾಲು ಚಾರ್ಜು ಹಾಗೇ ಇರುತ್ತೆ.

ಲೆಕ್ಕ ನೋಡಿ. 9 ವೋಲ್ಟ್ ಸೈಜಿನ ನಿಕಲ್ ಬ್ಯಾಟರಿ 8.4 ವೋಲ್ಟು, 250 ಎಂಎಎಚ್, ಅಂದ್ರೆ 2.1 ವಾಟ್ ಅವರ್. ನನ್ನ ಎಂಟು ಸೆಲ್ಲು 9.6 ವೋಲ್ಟು, 2000 ಎಂಎಎಚ್, ಅಂದ್ರೆ 19.2 ವಾಟ್ ಅವರ್. ಒಂಬತ್ತು ಪಟ್ಟು! ಜೇಬಿಗೆ ಭಾರ, ನಿಜ. ಎಂಟು ಸೆಲ್ಲು ಇನ್ನೂರು ಗ್ರಾಂ ದಾಟುತ್ತೆ. ಅಪ್ಪ ಓಡೋದಿಲ್ಲ, ಆರಾಮ ಕುರ್ಚಿಯಲ್ಲಿ ಕೂರ್ತಾರೆ :-)

ಲಿಥಿಯಂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಮ್ಮಿ ತೂಕದಲ್ಲಿ ಅಷ್ಟು ಶಕ್ತಿ ಅದಕ್ಕೇ ಇರೋದು. ಆದರೆ ಪೆಪ್ಪರಮಿಂಟಿನ ತಗಡಿನ ಡಬ್ಬಿಯಲ್ಲಿ ರಕ್ಷಣೆ ಇಲ್ಲದ 18650 ಸೆಲ್ಲು ತುರುಕೋ ವೀರರನ್ನ ನೋಡಿದ್ರೆ ಭಯ ಆಗುತ್ತೆ. ಸುತ್ತಿದ ಪ್ಲಾಸ್ಟಿಕ್ ಒಂದು ಕಡೆ ಹರಿದು ತಗಡಿಗೆ ತಾಗಿದ್ರೆ ಶಾರ್ಟು. ಆಮೇಲೆ ಬೆಂಕಿ.

ಇನ್ನೊಂದು ಮಾತು. ಸತ್ತ ಸೆಲ್ಲನ್ನ ಕಸದ ಬುಟ್ಟಿಗೆ ಹಾಕ್ಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯೋ ಹೊಣೆ ಅದನ್ನ ತಯಾರಿಸಿದವರದ್ದು. ಅಡ್ಡಗೆರೆ ಹೊಡೆದ ಕಸದ ಬುಟ್ಟಿ ಚಿತ್ರ ಸೆಲ್ಲಿನ ಮೇಲೆ ಇರುತ್ತಲ್ಲ, ಅದು ಅಲಂಕಾರಕ್ಕಲ್ಲ.

ಹೊಸ ಡಬ್ಬಿ ಕೊಟ್ಟ ದಿನ ಅಪ್ಪ ಹೆಡ್‌ಫೋನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದ್ರು. "ಇದು ಕಚ್ಚಲ್ಲ ತಾನೇ?" ಅಂದ್ರು. ಮೊದಲು ನಾನೇ ಹತ್ತು ನಿಮಿಷ ಹಾಕ್ಕೊಂಡು ಕೂತೆ. ಆಮೇಲೆ ಅವರು ಹಾಕ್ಕೊಂಡ್ರು. ಅವರ ಆ ಅನುಮಾನ ಹೋಗೋಕೆ ಎಷ್ಟು ಎಂಎಎಚ್ ಬೇಕು ಅಂತ ಯಾವ ಬ್ಯಾಟರಿ ಮೇಲೂ ಬರೆದಿಲ್ಲ.

ನೀವು ಏನು ಹಾಕ್ತೀರಿ, ಯಾಕೆ ಹಾಕ್ತೀರಿ ಅಂತ ಬರೀರಿ. ನನ್ನ ಲೆಕ್ಕ ತಪ್ಪಿದ್ರೆ ತಿದ್ದಿ. "ಯಾವುದೋ ಒಂದು ಹಾಕು" ಅಂತ ಮಾತ್ರ ಹೇಳ್ಬೇಡಿ.